ಬಳೆಯಿಲ್ಲದ ಕೈ

ಹರಿಹರ
೧೨-೧-೧೯೬೨

ದಾವಣಗೆರೆಯ ಡ್ರಾಯಿಂಗ್ ಮಾಸ್ತರ್ ಬಕ್ಕೇಶಪ್ಪನವರಿಗೆ ಪತ್ತಾರ ಮೌನೇಶಪ್ಪನ ಮಗಳು ಕಾಳಮ್ಮನ ನಮಸ್ಕಾರ.

ಭಾನುವಾರದ ಪ್ರದರ್ಶನಕ್ಕೆ ಒಡವೆಗಳನ್ನು ಅಪ್ಪನೇ ಬಸ್ಸಿನಲ್ಲಿ ತರ್ತಾನೆ. ಕೈ ಹಿಡಿದು ಇಳಿಸಿಕೊಳ್ರಿ.

ಒಡವೆ ಪಕ್ಕ ತೂಗುಹಾಕೋಕೆ ಅಂತ ನೀವು ಬರೆದು, ನಿನ್ನೆ ಅಪ್ಪನಿಗೆ ತೋರಿಸೋಕೆ ತಂದ ಚಿತ್ರ ನಾನೂ ನೋಡಿದೆ. ತಾಳಿಗೆ ಬೆಸುಗೆ ಹಾಕೋ ಎರಡು ಕೈ. ಅಪ್ಪ ಚೆನ್ನಾಗೈತೆ ಅಂದ. ಅವನಿಗೆ ಕಣ್ಣು ಕಾಣದೆ ಮೂರು ವರ್ಷ ಆತು. ಅವತ್ತು ನೀರು ಕೇಳ್ಕೊಂಡು ಒಳಗೆ ಬಂದಾಗ ನೀವು ನೋಡಿದ್ದು ನನ್ನ ಕೈ. ಹೆಬ್ಬೆರಳಿನ ಸುಟ್ಟ ಕಲೆಯನ್ನೂ ಬಿಟ್ಟಿಲ್ಲ ನೀವು.

ಆದರೆ ಮಣಿಕಟ್ಟು ಬರಿದಾಗೈತೆ. ಗಂಡ ಸತ್ತವಳು ಮಾಡಿದ ತಾಳಿ ಅಂತ ಗೊತ್ತಾದರೆ ಯಾರು ತಾನೇ ಮದುವೆಗೆ ಒಯ್ತಾರೆ? ಅಪ್ಪನ ಹೆಸರೂ ಹೋಗ್ತೈತೆ, ನಮ್ಮ ಅನ್ನವೂ ಹೋಗ್ತೈತೆ. ಒಂದೊಂದು ಕೈಗೆ ನಾಲ್ಕು ಹಸಿರು ಬಳೆ ಬರೆದುಬಿಡ್ರಿ.

ಇಲ್ಲದ್ದನ್ನ ಬರೆಯಲ್ಲ ಅಂತೀರೇನೋ. ಹಾಗಿದ್ದರೆ ಇದ್ದಂಗೇ ಹಾಕ್ರಿ. ಹಾಕೋಕೆ ಮುಂಚೆ ಒಂದ್ಸಲ ನಿಮ್ಮ ಮನೆಯವರ ಕೊರಳು ನೋಡ್ರಿ. ಹೋದ ವರ್ಷ ನಿಮ್ಮ ಮದುವೆಗೆ ಆ ತಾಳಿ ಮಾಡಿದ್ದೂ ಇದೇ ಕೈ. ನೀವಂತೂ ಗಟ್ಟಿಮುಟ್ಟಾಗಿದ್ದೀರಿ.

ಇಂತಿ,
ಕಾಳಮ್ಮ