ಹೆಬ್ಬಾಳದಲ್ಲಿ ಮರೆತ ಟವಲು

ರೀ,

ಒಲೆಯ ಪಕ್ಕ ತಟ್ಟೆ ಮುಚ್ಚಿ ಇವತ್ತಿನ ಹೊಸರುಚಿ ಇಟ್ಟಿದ್ದೇನೆ. ರೇಷನ್ ಗೋಧಿಯ ನುಚ್ಚು, ಎಲೆಕೋಸು, ಹಾಲು. ವಾರಪತ್ರಿಕೆಯಲ್ಲಿ ಬರೆದ ಹಾಗೆಯೇ ಮಾಡಿದ್ದೇನೆ, ಬಣ್ಣ ನೋಡಿ ಹೆದರಬೇಡಿ.

ಸೋಮವಾರದ ಬ್ರೆಡ್ಡಿನ ಹುಳಿಗೆ "ಚೆನ್ನಾಗೈತೆ ಕಣೇ" ಎಂದಿರಿ. ನಿನ್ನೆಯ ಬೀಟ್‌ರೂಟ್ ಕಡುಬಿಗೆ ಒಂದೇ ತುತ್ತಿಗೆ "ಹೊಟ್ಟೆ ತುಂಬ್ತು, ಸಾಕು" ಎಂದಿರಿ. ಆ ಹೊಟ್ಟೆ ಎಲ್ಲಿ ತುಂಬಿತ್ತು ಅಂತ ಇವತ್ತು ತಿಳಿಯಿತು. ಮಧ್ಯಾಹ್ನ ಹೆಬ್ಬಾಳದಿಂದ ನಿಮ್ಮಕ್ಕ ಬೈರಮ್ಮ ಬಂದು ನಿಮ್ಮ ಟವಲು ಕೊಟ್ಟರು. "ದಿನಾ ಸಂಜೆ ನಮ್ಮನೇಲಿ ಎರಡು ಮುದ್ದೆ ಉಂಡ್ ಓಯ್ತಾನಲ್ಲ, ನೆನ್ನೆ ಮರ್ತು ಬಿಟ್ಟೋಗವ್ನೆ" ಅಂದರು.

ಇವತ್ತು ನೀವು ಅಲ್ಲಿಗೆ ಹೋಗದೆ ನೇರ ಮನೆಗೆ ಬಂದಿದ್ದರೆ ತಟ್ಟೆ ಪೂರ್ತಿ ಖಾಲಿ ಮಾಡಿ. ಹೋಗಿದ್ದರೆ ಈ ಚೀಟಿ ಓದುವ ಮೊದಲೇ ನನ್ನನ್ನು ನೋಡಿರುತ್ತೀರಿ. ನಿಮ್ಮ ಪಾಲಿನ ಮುದ್ದೆ ಉಣ್ಣಲು ನಿಮ್ಮಕ್ಕನ ಮನೆಗೇ ಹೊರಟಿದ್ದೇನೆ. ಸೋಮವಾರದಿಂದ ನಾನೂ ಹಸಿದಿದ್ದೇನೆ.