ಕುಸುಬಿ ಹೂವಿನ ಜಮಖಾನ

ನವಲಗುಂದ
18 ಜನವರಿ 2025

ಪ್ರೀತಿಯ ಮುಬಶಿರಾ,

ನಿನ್ನ ಅತ್ತಿಗೆ ಮುಸರತಳ ಸಲಾಂ. ಫೋನಿನಲ್ಲಿ ಅಮ್ಮಿಯ ಹೆಸರೆತ್ತಿದರೆ ಸಾಕು, ನಿನಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತದೆ. ಮಿಶ್ರಿಕೋಟಿಯ ನಿನ್ನ ಗಂಡನ ಮನೆಯಲ್ಲಿ ದಿನವಿಡೀ ಹಾಲೇ ಉಕ್ಕುತ್ತದೆಯೋ ಏನೋ. ಕಾಗದವನ್ನಾದರೆ ಪೂರ್ತಿ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಈ ಸಲ ತಿರ್ಲಾಪುರದ ದಾರಿಯಲ್ಲಿ ಕುಸುಬಿ ಚೆನ್ನಾಗಿ ಹೂ ಬಿಟ್ಟಿದೆ. ಕಡಲೆ ಹೊಲಕ್ಕೆ ದನ ನುಗ್ಗದಂತೆ ಅಂಚಿಗೆ ಬಿತ್ತಿದ ಆ ಮುಳ್ಳುಗಿಡ ಕಂಡಾಗಲೆಲ್ಲ ನಿನ್ನ ನೆನಪು. ಯಾವ ಹೂವು ಇಷ್ಟ ಎಂದು ಕೇಳಿದಾಗ ಓಣಿಯ ಹುಡುಗಿಯರೆಲ್ಲ ಮಲ್ಲಿಗೆ ಎಂದರೆ ನೀನೊಬ್ಬಳೇ ಕುಸುಬಿ ಎನ್ನುತ್ತಿದ್ದೆ. ನಿನ್ನ ಮೆಹಂದಿಯ ಸಂಜೆ ನಾನು ಕಾರಣ ಕೇಳಿದ್ದೆ. “ಅದನ್ನ ಯಾರೂ ಮುಡಿಯೂದಿಲ್ಲ ಬೇ, ಒಳಗೂ ಕರಿಯೂದಿಲ್ಲ. ಆದ್ರ ಹೊಲಾ ಕಾಯಾಕ ಅದ ಬೇಕು” ಎಂದಿದ್ದೆ ನೀನು.

ಅದು ಬರೀ ಹೂವಿನ ಮಾತಲ್ಲ ಎಂದು ನನಗೆ ಗೊತ್ತು. ಜಮಖಾನ ನೇಯುವುದನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಿದರೆ ಕೆಲಸ ಬೇರೆ ಮನೆಗೆ ಹೋಗುತ್ತದೆ ಎನ್ನುವುದು ಈ ಮನೆಯ ರಿವಾಜು. ಚಿಕ್ಕಂದಿನಿಂದ ಮಗ್ಗದ ಪಕ್ಕ ಕುಳಿತು ನೂಲು ಸುತ್ತಿಕೊಟ್ಟವಳು ನೀನು. ಅಮ್ಮಿ ನೂಲು ಕುಟ್ಟುವ ಪಂಜಾ ಕೊಟ್ಟದ್ದು ಆಗಷ್ಟೇ ಮದುವೆಯಾಗಿ ಬಂದ ನನ್ನ ಕೈಗೆ. ಅವತ್ತು ನೀನು ಊಟ ಮಾಡಲಿಲ್ಲ. ಈಗಲೂ ಈದ್‌ಗೆ ಬಂದರೆ ಮಗ್ಗದ ಕೋಣೆಗೆ ಕಾಲಿಡದೆ ಸಂಜೆಯ ಬಸ್ಸು ಹಿಡಿಯುತ್ತೀ. ಹೀಗೇ ಬಿಟ್ಟರೆ ಮುಂದೆ ಈದ್‌ಗೂ ಬರಲಿಕ್ಕಿಲ್ಲ ಎಂದು ನನಗೆ ಹೆದರಿಕೆ.

ಈಗ ಸುದ್ದಿ ಕೇಳು. ಅಮ್ಮಿ ಹೊಸ ಜಮಖಾನ ಶುರು ಮಾಡಿದ್ದಾರೆ. ಯಾರಿಗೆಂದು ಕೇಳಿದರೆ ನೂಲಿನ ಉಂಡೆ ತಾ ಎನ್ನುತ್ತಾರೆ. ನವಿಲು ಬೇಡ, ಹುಲಿ ಬೇಡ, ನಟ್ಟನಡುವೆ ಕುಸುಬಿ ಹೂವೇ ಬೇಕಂತೆ. ಕಣ್ಣಿಗೆ ಪೊರೆ ಬಂದು ಅವರಿಗೆ ಹಳದಿ ಯಾವುದು, ಕೇಸರಿ ಯಾವುದು ತಿಳಿಯುವುದಿಲ್ಲ. ಹಾಗಾಗಿ ಹೂವು ನನ್ನ ಪಾಲಿಗೆ ಬಂತು. ನಾನು ನೇಯ್ದರೆ ಒಮ್ಮೆ ಚೆಂಡು ಹೂವಾಯಿತು, ಒಮ್ಮೆ ಈರುಳ್ಳಿಯಾಯಿತು. ಬಿಚ್ಚುವುದು, ಮತ್ತೆ ನೇಯುವುದು, ಇದೇ ಆಗಿದೆ.

ನಿನ್ನೆ ಅಮ್ಮಿ ಪಂಜಾ ಕೆಳಗಿಟ್ಟರು. “ಈ ಹೂವಿನ ಮುಳ್ಳು ಆಕಿ ಒಬ್ಬಾಕಿಗೇ ಗೊತ್ತು. ಬಂದು ಮಗ್ಗಕ್ಕ ಕುಂದ್ರು ಅಂತ ಹೇಳು. ಕಲಿಸ್ತೀನಿ” ಎಂದರು. ರಿವಾಜಿನ ಗತಿಯೇನು ಎಂದು ಕೇಳಿದೆ. “ನಮ್ಮ ಅತ್ತಿ ಇದ್ದಿದ್ರ ಬೈತಿದ್ಲು. ಈಗ ಆಕಿ ಇಲ್ಲಲಾ” ಎಂದು ನೂಲು ಸುತ್ತತೊಡಗಿದರು.

ನನಗೆ ಎಷ್ಟು ಸಂತೋಷವಾಯಿತೆಂದರೆ ಒಲೆಯ ಮೇಲಿನ ಹಾಲು ನಿಜವಾಗಿಯೂ ಉಕ್ಕಿಹೋಯಿತು.

ಅರ್ಧ ಜಮಖಾನ ಮಗ್ಗದ ಮೇಲೆ ನಿಂತಿದೆ. ಹೂವಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಬೇಗ ಬಾ. ಬರುವಾಗ ಬಣ್ಣ ನೋಡಲು ಹೊಲದ ಅಂಚಿನಿಂದ ಒಂದು ಹೂವು ಕಿತ್ತು ತಾ. ಉಗುರು ಕತ್ತರಿಸಿಕೊಂಡು ಬಾ, ಇಲ್ಲವಾದರೆ ನೂಲಿಗೆ ಸಿಕ್ಕಿಕೊಳ್ಳುತ್ತದೆ.

ನಿನ್ನ ದಾರಿ ಕಾಯುತ್ತಿರುವ
ಮುಸರತ್

ತಾ.ಕ.: ಆ ಹೂವು ನೇಯಲು ನನಗೆ ಬರುತ್ತದೆ. ಮೊದಲ ಸಲವೇ ಸರಿಯಾಗಿ ಬಂದಿತ್ತು, ಅಮ್ಮಿ ನೋಡುವ ಮೊದಲೇ ಬಿಚ್ಚಿಬಿಟ್ಟೆ. ಇದನ್ನು ಅವರಿಗೆ ಹೇಳಬೇಡ. ಆದರೂ ಆ ಈರುಳ್ಳಿಯನ್ನು ಬೆರಳಿನಿಂದ ಸವರುತ್ತಾ ಅವರು ತಮ್ಮಷ್ಟಕ್ಕೇ ಯಾಕೆ ನಕ್ಕರು ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ.