ವೀರಗಲ್ಲಿನ ಲೇಖನ ಕುರಿತು

ಪ್ರೀತಿಯ ಮೇಷ್ಟ್ರಿಗೆ,

ಮೊದಲ ಸಲ ಆರ್.ಟಿ. ನಗರದ ನಿಮ್ಮ ಮನೆಗೆ ಬಂದಾಗ ನನ್ನ ಕೈಗೆ ಕತ್ತರಿ ಕೊಟ್ಟಿದ್ದಿರಿ, ನೆನಪಿದೆಯೇ? ನೀವು ನಡೆಸುತ್ತಿದ್ದ ಇತಿಹಾಸದ ಪತ್ರಿಕೆಯಲ್ಲಿ ಕೆಲಸ ಕಲಿಯಲು ಬಂದವಳಿಗೆ ಕತ್ತರಿ. ಬಂದ ಲೇಖನಗಳಿಂದ ಬರೆದವರ ಹೆಸರನ್ನು ಕತ್ತರಿಸಿ ತೆಗೆಯಬೇಕಿತ್ತು. ಓದಿ ಅಭಿಪ್ರಾಯ ಕೊಡುವ ವಿದ್ವಾಂಸರಿಗೆ ಅದು ಯಾರದ್ದೆಂದು ಗೊತ್ತಾಗಬಾರದು. "ಹೆಸ್ರು ಕಂಡ್ರೆ ಕಣ್ಣು ಮಂಜಾಗುತ್ತೆ ಕಣಮ್ಮ" ಎಂದಿದ್ದಿರಿ. ಆಮೇಲೆ ಎಲ್ಲವೂ ಇಮೇಲಿಗೆ ಹೋಯಿತು, ಕತ್ತರಿ ಮಾತ್ರ ಮೇಜಿನ ಮೇಲೇ ಉಳಿಯಿತು.

ನಿಮ್ಮದು ಇನ್ನೊಂದು ಹಟ. ಒಪ್ಪಿಗೆ ಇಮೇಲಿನಲ್ಲಿ ಹೋಗಲಿ, ತಿರಸ್ಕಾರದ ಪತ್ರವನ್ನು ಮಾತ್ರ ಸಂಪಾದಕರೇ ಕೈಯಾರೆ ಬರೆಯಬೇಕು. ವರ್ಷಗಟ್ಟಲೆ ದುಡಿದವರಿಗೆ ಇಲ್ಲ ಎನ್ನುವಾಗ ನಮ್ಮ ಕೈಯೂ ಸ್ವಲ್ಪ ನೋಯಲಿ ಎನ್ನುತ್ತಿದ್ದಿರಿ. ಒಂದು ಪತ್ರಕ್ಕೆ ಅರ್ಧ ದಿನ ಕೂರುತ್ತಿದ್ದ ನಿಮ್ಮನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಈಗ...

ನೀವು ಹೋದ ಮೇಲೆ ಸಂಪಾದಕರ ಕುರ್ಚಿ ನನಗೆ ಬಂತು. ನಿಮ್ಮ ನೆನಪಿನ ಸಂಚಿಕೆಯಲ್ಲಿ ನಿಮ್ಮ ಕೊನೆಯ ಲೇಖನವೇ ಮೊದಲು ಬರಲಿ ಎಂದು ಸಂಪಾದಕ ಮಂಡಳಿಯವರು ಹೇಳಿದರು. ಹೆಸರಘಟ್ಟದ ಹತ್ತಿರದ ಕೆರೆ ಏರಿಯ ಮೇಲಿನ ವೀರಗಲ್ಲಿನ ಬಗ್ಗೆ ಬರೆದದ್ದು. ಆ ವೀರ ಅಲ್ಲೇ ಕಾದಾಡಿ ಸತ್ತ, ಹಾಗಾಗಿ ಕೆರೆಯೂ ಅಷ್ಟೇ ಹಳೆಯದು ಎಂಬ ವಾದವನ್ನು ಆಸ್ಪತ್ರೆಯ ಹಾಸಿಗೆಯಲ್ಲೂ ಹೇಳುತ್ತಿದ್ದಿರಿ. ಇದನ್ನು ಪರಿಶೀಲನೆಗೆ ಕಳಿಸುವುದು ಬೇಡ ಎಂದರು ಮಂಡಳಿಯವರು. ನಾನು ಹೆಸರು ತೆಗೆದು ಕಳಿಸಿದೆ. ಎಷ್ಟು ಕೊಬ್ಬು ಎಂದು ಬೈಸಿಕೊಂಡೆ.

ಅಭಿಪ್ರಾಯ ಬಂದಾಗ ನನ್ನ ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಿತ್ತು. ಫೋನಿನಲ್ಲೇ ಓದಿದೆ. ಆ ಕಲ್ಲು ಮೊದಲಿನಿಂದ ಅಲ್ಲಿರಲಿಲ್ಲವಂತೆ. ರಸ್ತೆ ಅಗಲ ಮಾಡುವಾಗ ಬೇರೆ ಊರಿನಿಂದ ತಂದು ಏರಿಯ ಮೇಲೆ ನಿಲ್ಲಿಸಿದ್ದಂತೆ. ನಂಬದೆ ಆ ಕೆರೆಯ ಊರಿಗೇ ಹೋಗಿ ವಿಚಾರಿಸಿದೆ. ನಿಜ, ಮೇಷ್ಟ್ರೇ. ಕಲ್ಲು ಮೊದಲು ಎಲ್ಲಿತ್ತೆಂದು ಕೇಳಿ ಎಂದು ನಮಗೆಲ್ಲ ಕಲಿಸಿದ ನೀವೇ ಹೇಗೆ ಮರೆತಿರಿ? ನಡೆಯಲಾಗದೆ ಫೋಟೋ ನೋಡಿಯೇ ಬರೆದಿರಾ? ನನ್ನನ್ನಾದರೂ ಕಳಿಸಬಾರದಿತ್ತೇ?

ನಿಮ್ಮ ಮನೆಯವರಿಗೆ ನಾನೇ ಹೋಗಿ ಹೇಳಿದೆ. ಅಚ್ಚಿನಲ್ಲಿ ಅದನ್ನು ನೋಡಬೇಕೆಂದು ಅವರು ಎಷ್ಟು ಆಸೆಪಟ್ಟಿದ್ದರೆಂದು ನನಗೆ ಗೊತ್ತಿತ್ತು. ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಒಳಗೆ ಹೋಗಿ ನಿಮ್ಮ ಪೆನ್ನು ತಂದುಕೊಟ್ಟರು. "ಬೇರೆಯವ್ರಿಗೆಲ್ಲ ಬರೀತಿದ್ರಲ್ಲ. ಅವ್ರಿಗೂ ಕೈಯಲ್ಲೇ ಬರಿಯಮ್ಮ" ಎಂದರು.

ಅದಕ್ಕೇ ಈ ಪತ್ರ. ಬೆಳಿಗ್ಗೆಯಿಂದ ಕೂತಿದ್ದೇನೆ, ಕೈ ನೋಯುತ್ತಿದೆ. ನಿಮ್ಮ ಲೇಖನವನ್ನು ಪ್ರಕಟಿಸಲು ಆಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ಇಂಥ ಪತ್ರಗಳ ಕೊನೆಗೆ ನೀವು ತಪ್ಪದೆ ಒಂದು ಸಾಲು ಸೇರಿಸುತ್ತಿದ್ದಿರಿ. ಅದನ್ನು ಬಿಡಲು ನನಗೆ ಮನಸ್ಸು ಬರುತ್ತಿಲ್ಲ.

ತಿದ್ದಿ ಕಳಿಸಿ, ಕಾಯುತ್ತಿರುತ್ತೇವೆ.